ರಾಯಚೂರಿನ ಟಿವಿ ಇನ್ನೊಂದು ವರ್ಷ ಉಳಿದಿದ್ದರೆ: ಪರ್ಯಾಯ ಇತಿಹಾಸದ ಕಾಮಿಕ್ಸ್ ಕಟ್ಟುವ ಬಗೆ

‘ಸೂಪರ್‌ಮ್ಯಾನ್ ಆನೆಗೊಂದಿಯ ಬಂಡೆಗಳ ನಡುವೆ ಬಿದ್ದಿದ್ದರೆ?’ ಅಂತ ಶುರುಮಾಡಿದರೆ ಚೆಂದದ ಒಂದು ಪೋಸ್ಟರ್ ಆಗುತ್ತದೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಕಥೆ ನಿಂತುಬಿಡುತ್ತದೆ. ಆನೆಗೊಂದಿ ತೆಗೆದು ಬೇರೆ ಯಾವ ಊರಿನ ಹೆಸರು ಹಾಕಿದರೂ ಆ ಕಥೆಯಲ್ಲಿ ಏನೂ ಕೆಡುವುದಿಲ್ಲ, ಅದೇ ಅದರ ತೊಂದರೆ. ನಡೆದದ್ದು ಬೇರೆ ಥರ ನಡೆದಿದ್ದರೆ ಎಂದು ಕಟ್ಟುವ ಕಥೆ, ಅಂದರೆ ಪರ್ಯಾಯ ಇತಿಹಾಸ, ಗಟ್ಟಿಯಾಗುವುದು ತಾರೀಖು ಗೊತ್ತಿರುವ, ನಾಲ್ಕು ಜನ ಕೂತು ತೆಗೆದುಕೊಂಡ ಒಂದು ಸಣ್ಣ ತೀರ್ಮಾನವನ್ನು ಬದಲಿಸಿ, ಅದರ ಪರಿಣಾಮವನ್ನು ಕಾಗದ, ಕರೆಂಟು, ಭಾಷೆ, ಕಾನೂನಿನ ಮೂಲಕ ಬೆನ್ನಟ್ಟಿದಾಗ. ಈ ಬರಹದಲ್ಲಿ ಅಂಥ ಒಂದೇ ಉದಾಹರಣೆಯನ್ನು, ಅಂದರೆ 1976ರಲ್ಲಿ ನಿಂತ ರಾಯಚೂರು ಹಳ್ಳಿಗಳ ಉಪಗ್ರಹ ಟಿವಿ ಇನ್ನೊಂದು ವರ್ಷ ನಡೆದಿದ್ದರೆ ಎಂಬುದನ್ನು ಹಿಡಿದು, ಕಲ್ಪನೆಯಿಂದ ಹಿಡಿದು ಪಿನ್ನು ಹೊಡೆದ 16 ಪುಟದ ಪುಸ್ತಕದವರೆಗೆ ಹೋಗುತ್ತೇವೆ.

ಕವಲು ಎಲ್ಲಿ ಹಾಕಬೇಕು

ಇತಿಹಾಸ ಎರಡು ದಾರಿಯಾಗುವ ಜಾಗವನ್ನು ಇಲ್ಲಿ ಕವಲು ಎನ್ನೋಣ. ನಮ್ಮ ಭಾಗದವರಿಗೆ ಥಟ್ಟನೆ ಹೊಳೆಯುವ ಕವಲು 1565, ತಾಳಿಕೋಟೆ ಯುದ್ಧ. ಅದಕ್ಕೆ ಇನ್ನೊಂದು ಆಸೆಯೂ ಸೇರಿಕೊಳ್ಳುತ್ತದೆ: ಪೋರ್ಚುಗೀಸರ ಮುದ್ರಣಯಂತ್ರ ಗೋವಾಕ್ಕೆ ಬಂದದ್ದು 1556ರಲ್ಲಿ, ಅಂದರೆ ಯುದ್ಧಕ್ಕೆ ಒಂಬತ್ತು ವರ್ಷ ಮೊದಲು. ಆ ಯಂತ್ರವೊಂದು ವಿಜಯನಗರಕ್ಕೆ ಬಂದು, ಸಾಮ್ರಾಜ್ಯವೂ ಉಳಿದಿದ್ದರೆ 1938ರ ಹೊತ್ತಿಗೆ ಕನ್ನಡದ ಸೂಪರ್‌ಹೀರೋ ಯಾರಾಗಿರುತ್ತಿದ್ದ?

ಪ್ರಶ್ನೆ ಚೆನ್ನಾಗಿದೆ, ಕಾಮಿಕ್ಸಿಗೆ ಒಗ್ಗುವುದಿಲ್ಲ. 1565ರಲ್ಲಿ ಕವಲು ಹಾಕಿದರೆ ಮುಂದಿನ ಮುನ್ನೂರು ಎಪ್ಪತ್ತು ವರ್ಷಗಳಲ್ಲಿ ಬ್ರಿಟಿಷರು, ರೈಲು, ನಿಜಾಮ, ಮದ್ರಾಸ್ ಪ್ರಾಂತ್ಯ ಯಾವುದೂ ನಾವು ಬಲ್ಲ ರೂಪದಲ್ಲಿ ಇರುವುದಿಲ್ಲ. ಹಾಗಿದ್ದಾಗ 1938ರಲ್ಲಿ ಅಮೆರಿಕದಲ್ಲಿ ಸೂಪರ್‌ಮ್ಯಾನ್ ಹೊರಬರುವುದು ಮಾತ್ರ ಹಾಗೇ ಉಳಿದೀತು ಎಂದು ನಂಬುವುದು ಹೇಗೆ? ಕವಲು ಹಿಂದೆ ಹೋದಷ್ಟೂ ಓದುಗನಿಗೆ ಗುರುತು ಸಿಗುವ ವಸ್ತುಗಳು ಕಡಿಮೆಯಾಗುತ್ತವೆ. ಜನಪ್ರಿಯ ಸಂಸ್ಕೃತಿಯ ಪರ್ಯಾಯ ಇತಿಹಾಸದ ರುಚಿ ಇರುವುದೇ ಗುರುತು ಹಿಡಿಯುವುದರಲ್ಲಿ. ಹಾಗಾಗಿ ಕಾರ್ಟೂನು, ಕಾಮಿಕ್ಸಿನ ವಿಷಯವಾದರೆ ಕವಲು 1900ರ ಈಚೆಗೆ ಇರಲಿ. ಕಥೆ ನಡೆಯುವ ಕಾಲಕ್ಕೂ ಕವಲಿಗೂ ಹತ್ತಿಪ್ಪತ್ತು ವರ್ಷಕ್ಕಿಂತ ಹೆಚ್ಚು ಅಂತರ ಬೇಡ.

ಒಳ್ಳೆಯ ಕವಲಿನ ಅಳತೆಗೆ 1928ರ ಒಂದು ಘಟನೆ ನೋಡಿ. ಆಸ್ವಾಲ್ಡ್ ಎಂಬ ಮೊಲದ ಕಾರ್ಟೂನುಗಳನ್ನು ವಾಲ್ಟ್ ಡಿಸ್ನಿಯ ಸ್ಟುಡಿಯೋ ಮಾಡುತ್ತಿತ್ತು, ಹಕ್ಕು ಯೂನಿವರ್ಸಲ್ ಕಂಪನಿಯ ಕೈಯಲ್ಲಿತ್ತು. ವಿತರಕ ಚಾರ್ಲ್ಸ್ ಮಿಂಟ್ಜ್ ಜೊತೆ ಒಪ್ಪಂದದ ಮಾತುಕತೆ ಮುರಿದುಬಿತ್ತು, ಡಿಸ್ನಿ ಮೊಲವನ್ನು ಕಳೆದುಕೊಂಡ, ಅದೇ ವರ್ಷ ಮಿಕ್ಕಿ ಇಲಿ ಹುಟ್ಟಿತು. ಯುದ್ಧವಿಲ್ಲ, ರಾಜರಿಲ್ಲ. ಒಂದು ಕೋಣೆಯಲ್ಲಿ ನಡೆದ ಹಣದ ಮಾತು. ಅದನ್ನು ಬದಲಿಸಿದರೆ ಜಗತ್ತಿನ ಮಕ್ಕಳ ಚೀಲಗಳ ಮೇಲಿನ ಚಿತ್ರವೇ ಬೇರೆಯಾಗುತ್ತದೆ.

ನಿಮ್ಮ ಕವಲಿಗೆ ಮೂರು ಪರೀಕ್ಷೆ ಮಾಡಿ. ತಾರೀಖು, ಕನಿಷ್ಠ ಇಸವಿಯಾದರೂ, ಗೊತ್ತಿದೆಯೇ? ಅದು ಕೆಲವೇ ಜನ ಬೇರೆ ಥರ ತೀರ್ಮಾನಿಸಬಹುದಾಗಿದ್ದ ವಿಷಯವೇ? ಅದರ ಪರಿಣಾಮ ಐದು ವರ್ಷದೊಳಗೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಯಾವುದಾದರೂ ಊರಿನ ಕಟ್ಟೆಗೆ ಮುಟ್ಟುತ್ತದೆಯೇ? ಮೂರನೆಯದಕ್ಕೆ ‘ಇಲ್ಲ’ ಅಂತಾದರೆ ಕಥೆ ಬೇರೆ ಊರಿನದು. ಅದನ್ನು ಆ ಊರಿನವರಿಗೆ ಬಿಡಿ.

ನಮ್ಮ ಕವಲು: 31 ಜುಲೈ 1976

ಸೈಟ್ ಎಂಬ ಹೆಸರಿನ ಉಪಗ್ರಹ ಟಿವಿ ಪ್ರಯೋಗ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ನಡೆಯಿತು. ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೋ ನಡೆಸಿದ ಪ್ರಯೋಗ ಅದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದ ಪಾಲಿಗೆ ಬಂದ ಜಿಲ್ಲೆಗಳು ರಾಯಚೂರು, ಗುಲ್ಬರ್ಗ, ಬಿಜಾಪುರ. ಬೆಂಗಳೂರಿನಲ್ಲಿ ದೂರದರ್ಶನ ಇಲ್ಲದ ಕಾಲದಲ್ಲಿ ರಾಯಚೂರು ಜಿಲ್ಲೆಯ ಹಳ್ಳಿಯ ಮಕ್ಕಳು ಶಾಲೆಯಲ್ಲಿ ಕೂತು ಬಾಹ್ಯಾಕಾಶದಿಂದ ಬಂದ ಕನ್ನಡ ಕಾರ್ಯಕ್ರಮ ನೋಡಿದರು. ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲೇ ಇತ್ತು. ಈ ಸಂಗತಿ ನಮ್ಮ ಭಾಗದಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ ಎಂಬುದು ಬೇಸರದ ಮಾತು.

ಬೆಳಗಿನ ಶಾಲಾ ಪ್ರಸಾರ ಒಟ್ಟು ಒಂದೂವರೆ ತಾಸು. ಹಿಂದಿ, ಒಡಿಯಾ, ತೆಲುಗು, ಕನ್ನಡ ನಾಲ್ಕಕ್ಕೂ ಹಂಚಿದರೆ ಒಂದು ಭಾಷೆಗೆ ಸುಮಾರು 22 ನಿಮಿಷ. ವರ್ಷ ತುಂಬಿದ ಮೇಲೆ ಉಪಗ್ರಹವನ್ನು ಅಮೆರಿಕದವರು ಮತ್ತೆ ತಮ್ಮ ಕಡೆಗೆ ಸರಿಸಿಕೊಂಡರು. ಕಲಬುರಗಿಗೆ ನೆಲದ ಟ್ರಾನ್ಸ್‌ಮಿಟರ್ ಬಂದದ್ದು 1977ರಲ್ಲಿ.

ಕವಲು ಇಷ್ಟೇ: ಎರವಲಿನ ಒಪ್ಪಂದ ಇನ್ನೊಂದೇ ವರ್ಷ, 1977ರ ಜುಲೈ 31ರವರೆಗೆ ಮುಂದುವರಿಯಿತು. ಒಂದೇ ವರ್ಷ ಏಕೆಂದರೆ ಉಪಗ್ರಹಕ್ಕೆ ಅಮೆರಿಕದಲ್ಲಿ ಬೇರೆ ಕೆಲಸ ಕಾದಿತ್ತು, ಶಾಶ್ವತವಾಗಿ ಕೊಡಲು ಅವರಿಗೆ ಕಾರಣವೇ ಇರಲಿಲ್ಲ. ಕವಲನ್ನು ಎಷ್ಟು ಸಣ್ಣದು ಮಾಡುತ್ತೀರೋ ಅಷ್ಟು ನಂಬಿಕೆ ಹುಟ್ಟುತ್ತದೆ.

ಮೂರು ಕಾಲಮ್ಮಿನ ಹಾಳೆ

ಚಿತ್ರ ಬರೆಯುವ ಮೊದಲು ಒಂದು ಎ3 ಹಾಳೆ ತೆಗೆದುಕೊಂಡು ಮೂರು ಕಾಲಮ್ಮು ಹಾಕಿ. ಎಡಗಡೆ ನಿಜವಾಗಿ ನಡೆದದ್ದು, ನಡುವೆ ನಮ್ಮ ಕಥೆಯಲ್ಲಿ ನಡೆಯುವುದು, ಬಲಗಡೆ ‘ಯಾಕೆ’. ಬಲಗಡೆ ಖಾಲಿ ಉಳಿದ ಸಾಲನ್ನು ಹೊಡೆದುಹಾಕಿ. ಅದು ನಿಮ್ಮ ಆಸೆ, ಪರಿಣಾಮವಲ್ಲ.

ಎಡಗಾಲಮ್ಮಿನಲ್ಲಿ ಈ ಕಥೆಗೆ ಬೇಕಾದವು ಇವು. 1956: ಮುಂಬೈನ ಫಿಲ್ಮ್ಸ್ ಡಿವಿಷನ್ ಕಾರ್ಟೂನ್ ಘಟಕ ತೆರೆಯಿತು, ಡಿಸ್ನಿಯಲ್ಲಿದ್ದ ಕ್ಲೇರ್ ವೀಕ್ಸ್ ಬಂದು ತರಬೇತಿ ಕೊಟ್ಟರು. ಅದೇ ವರ್ಷ ಮಕ್ಕಳ ಮೇಲೆ ಕೆಟ್ಟ ಪರಿಣಾಮ ಬೀರುವ ಪ್ರಕಟಣೆಗಳ ವಿರುದ್ಧ ಕೇಂದ್ರ ಕಾಯ್ದೆ ಬಂತು, ಭಯಾನಕ ಕಾಮಿಕ್ಸುಗಳೇ ಅದರ ಗುರಿ. 1964ರ ಮಾರ್ಚ್: ಇಂದ್ರಜಾಲ ಕಾಮಿಕ್ಸ್ ಅಮೆರಿಕದ ಕಾಮಿಕ್ಸ್ ನಾಯಕ ಫ್ಯಾಂಟಮ್ಮನ ಕಥೆಯಿಂದ ಶುರುವಾಯಿತು. 1965: ಅಮರ ಚಿತ್ರಕಥೆಯ ಬೀಜ ಬಿದ್ದದ್ದು ಕನ್ನಡದಲ್ಲಿ. ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ. ಕೆ. ಅನಂತರಾಮ್ ಅವರ ಒತ್ತಾಯದಿಂದ ಪಾಶ್ಚಾತ್ಯ ಮಕ್ಕಳ ಕಥೆಗಳು ಕನ್ನಡ ಕಾಮಿಕ್ಸುಗಳಾಗಿ ಬಂದವು. ಇಂಗ್ಲಿಷಿನಲ್ಲಿ ಅನಂತ ಪೈ ಸಂಪಾದಿಸಿದ ಕೃಷ್ಣನ ಕಥೆಗೆ 11ನೇ ನಂಬರು ಇರುವುದು ಮೊದಲ ಹತ್ತನ್ನು ಲೆಕ್ಕಕ್ಕೆ ಹಿಡಿದಿದ್ದರಿಂದ. 1975ರ ಜೂನ್ 25: ತುರ್ತುಪರಿಸ್ಥಿತಿ. ಆಗಸ್ಟಿನಲ್ಲಿ ದೆಹಲಿಯ ವ್ಯಂಗ್ಯಪತ್ರಿಕೆ ಶಂಕರ್ಸ್ ವೀಕ್ಲಿ ನಿಂತಿತು. 1977ರ ಮಾರ್ಚ್ 21: ತುರ್ತುಪರಿಸ್ಥಿತಿ ಮುಗಿಯಿತು. 1982: ಬಣ್ಣದ ಟಿವಿ. 1983: ಭಾರತದ ಇನ್ಸಾಟ್-1ಬಿ ಉಪಗ್ರಹ.

ಹಾಳೆಯನ್ನು ಗೋಡೆಗೆ ಅಂಟಿಸಿ ದೂರ ನಿಂತು ನೋಡಿದರೆ ಕಥೆ ತಾನೇ ಕಾಣುತ್ತದೆ. 1977ರ ಮಾರ್ಚ್ ಕೊನೆಯಿಂದ ಜುಲೈ 31ರವರೆಗೆ ನಾಲ್ಕು ತಿಂಗಳು. ನಿಜದಲ್ಲಿ ಆ ಹೊತ್ತಿಗೆ ಉಪಗ್ರಹ ಹೋಗಿಯಾಗಿತ್ತು. ನಮ್ಮ ಕಥೆಯಲ್ಲಿ ಉಪಗ್ರಹವೂ ಇದೆ, ಬಾಯಿಗೆ ಹಾಕಿದ ಬೀಗವೂ ತೆಗೆದಿದೆ, ಮುಗಿಯುವ ದಿನವೂ ಗೊತ್ತಿದೆ. ಒಂದು ಕಾಮಿಕ್ಸಿಗೆ ಇದಕ್ಕಿಂತ ಒಳ್ಳೆಯ ಗಡಿಯಾರ ಬೇಕಿಲ್ಲ.

ಪರಿಣಾಮ ಬೆನ್ನಟ್ಟುವುದು

ಎರಡನೇ ವರ್ಷಕ್ಕೆ ಹೊಸ ಮಕ್ಕಳ ಕಾರ್ಯಕ್ರಮ ಬೇಕು. ಯಾರು ಮಾಡುತ್ತಾರೆ, ಏನನ್ನು? ಚಿತ್ರ ಬರೆದು ಮಾಡುವ ಕಾರ್ಟೂನಾದರೆ ಲೆಕ್ಕ ಹಾಕಿ: ಸೆಕೆಂಡಿಗೆ 24 ಫ್ರೇಮು, ಒಂದೊಂದು ಚಿತ್ರ ಎರಡು ಫ್ರೇಮು ನಿಲ್ಲುತ್ತದೆ ಎಂದರೂ ಸೆಕೆಂಡಿಗೆ 12 ಚಿತ್ರ, ಐದು ನಿಮಿಷಕ್ಕೆ 3,600 ಚಿತ್ರ. ದಿನವೂ ಪ್ರಸಾರವಾಗುವ ಕಾರ್ಯಕ್ರಮಕ್ಕೆ ಇದು ಆಗದ ಮಾತು. ಬೆಳಕು, ಪರದೆ, ಚಲಿಸುವ ಬೊಂಬೆ ಈಗಾಗಲೇ ಇರುವ ಕಲೆಯೊಂದು ಇದೇ ಜಿಲ್ಲೆಯಲ್ಲಿದೆ, ತೊಗಲುಗೊಂಬೆ. ಕೊಪ್ಪಳ ಸೀಮೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಇದೇ ಕಲೆಗೆ. ಬಳ್ಳಾರಿಯಲ್ಲಿ ಬೆಳಗಲ್ಲು ವೀರಣ್ಣ ಇದನ್ನೇ ಆಧುನಿಕ ವಿಷಯಗಳಿಗೂ ಹೊರಳಿಸಿದವರು. ಮೂರನೇ ಕಾಲಮ್ಮಿನ ‘ಯಾಕೆ’ ತುಂಬಿತು: ಒಂದೇ ಕ್ಯಾಮೆರಾ, ಒಂದೇ ಪರದೆ, ಕಾರ್ಯಕ್ರಮ ಒಂದೇ ದಿನದಲ್ಲಿ ಮುಗಿಯುತ್ತದೆ.

ಈಗ ಯಂತ್ರ ಕಲೆಯನ್ನು ಹೇಗೆ ತಿದ್ದುತ್ತದೆ ನೋಡಿ. ಸಾಮಾನ್ಯವಾಗಿ ಬರೆಯುವವರು ಕೈಬಿಡುವ ಭಾಗ ಇದು, ಓದುಗನ ನಂಬಿಕೆ ಗಳಿಸುವ ಭಾಗವೂ ಇದೇ. ಟಿವಿ ಕಪ್ಪುಬಿಳುಪು. ತೊಗಲುಗೊಂಬೆಯ ಕೆಂಪು, ಹಸಿರು ಎರಡೂ ತೆರೆಯ ಮೇಲೆ ಹೆಚ್ಚುಕಡಿಮೆ ಒಂದೇ ಬೂದು. ರಾಮ ಯಾರು, ರಾವಣ ಯಾರು ಗೊತ್ತಾಗಬೇಕಾದರೆ ಬಣ್ಣ ಮಾಡುತ್ತಿದ್ದ ಕೆಲಸವನ್ನು ತೂತುಗಳೇ ಮಾಡಬೇಕು. ತೊಗಲಿನಲ್ಲಿ ಒಡವೆ, ಸೀರೆಯಂಚಿಗೆ ಹೊಡೆಯುವ ಚುಕ್ಕೆತೂತುಗಳ ಮೂಲಕ ಬೆಳಕು ನೇರ ಬರುತ್ತದೆ, ಕಪ್ಪುಬಿಳುಪಿನಲ್ಲಿ ಅದೇ ಎದ್ದು ಕಾಣುತ್ತದೆ. ಹಾಗಾದರೆ ಎರಡನೇ ವರ್ಷದ ಬೊಂಬೆಗಳಲ್ಲಿ ತೂತುಗಳು ದೊಡ್ಡದಾಗುತ್ತವೆ, ಒಂದೊಂದು ಪಾತ್ರಕ್ಕೂ ಒಂದೊಂದು ಚುಕ್ಕೆ ವಿನ್ಯಾಸ ನಿಗದಿಯಾಗುತ್ತದೆ. ನಿಮ್ಮ ಕಾಮಿಕ್ಸಿನಲ್ಲಿ ಬೊಂಬೆಯಾಟದ ಹಾಸ್ಯಗಾರ ಕಿಳ್ಳೇಕ್ಯಾತನಿಗೆ ಅಡ್ಡಸಾಲಿನ ದಪ್ಪ ಚುಕ್ಕೆ, ಅವನ ಹೆಂಡತಿ ಬಂಗಾರಕ್ಕನಿಗೆ ಸುರುಳಿ ಚುಕ್ಕೆ ಎಂದು ಮೊದಲೇ ಗೊತ್ತುಮಾಡಿ, ಎಲ್ಲ ಪುಟದಲ್ಲೂ ಪಾಲಿಸಿ. ಬೊಂಬೆಯಾಟದಲ್ಲಿ ಅಂತಸ್ತಿಗೆ ತಕ್ಕ ಗಾತ್ರ ಇರುತ್ತದೆ, ರಾಜ ದೊಡ್ಡವ, ಆಳು ಸಣ್ಣವ. ಅದನ್ನೂ ಬಿಡಬೇಡಿ. ಮಾರ್ಚ್ 1977ರ ನಂತರದ ಪುಟಗಳಲ್ಲಿ ಕಿಳ್ಳೇಕ್ಯಾತನ ಗಾತ್ರ ಒಂದೊಂದು ಚೌಕಟ್ಟಿಗೂ ತುಸು ತುಸು ಬೆಳೆದರೆ ಒಂದು ಮಾತೂ ಬರೆಯದೆ ಕಥೆ ಹೇಳಿದಂತಾಯಿತು.

ಎಟಿಎಸ್-6ರಿಂದ ಬರುತ್ತಿದ್ದದ್ದು ಚಿತ್ರಕ್ಕೆ ಒಂದು ಚಾನೆಲ್, ಧ್ವನಿಗೆ ಎರಡು. ಒಂದೇ ಚಿತ್ರಕ್ಕೆ ಕನ್ನಡವನ್ನೂ ತೆಲುಗನ್ನೂ ಒಟ್ಟಿಗೆ ಕಳಿಸಬಹುದು. ನಮ್ಮ ಕಥೆಯಲ್ಲಿ ಹಣ ಉಳಿಸಲು ಹಾಗೇ ಮಾಡುತ್ತಾರೆ. ತಕ್ಷಣ ಎರಡು ಕಟ್ಟು ಬೀಳುತ್ತವೆ: ತೆರೆಯ ಮೇಲೆ ಯಾವ ಲಿಪಿಯ ಅಕ್ಷರವೂ ಇರುವಂತಿಲ್ಲ, ತುಟಿಯ ಚಲನೆ ಯಾವ ಭಾಷೆಗೂ ಹೊಂದಬಾರದು. ಬೊಂಬೆಗಳ ಮುಖ ಪಕ್ಕಕ್ಕೆ ತಿರುಗಿದ್ದು, ತುಟಿ ಆಡದಿರುವುದು ಇಲ್ಲಿ ವರವಾಗುತ್ತದೆ. ಫಲವಾಗಿ ಒಂದೇ ಕಿಳ್ಳೇಕ್ಯಾತನನ್ನು ದೇವದುರ್ಗದ ಹುಡುಗ ಕನ್ನಡದಲ್ಲಿ, ಗಡಿಯಾಚೆಯ ಹುಡುಗ ತೆಲುಗಿನಲ್ಲಿ ತನ್ನವನೆಂದುಕೊಂಡು ಬೆಳೆಯುತ್ತಾರೆ. ಎಂಟು–ಒಂಬತ್ತನೇ ಪುಟದ ಜಗಳ ಸಿಕ್ಕಿತು.

ಬಳ್ಳಾರಿ? ಪ್ರಯೋಗದ ಪಟ್ಟಿಯಲ್ಲಿ ಬಳ್ಳಾರಿ ಜಿಲ್ಲೆ ಇರಲಿಲ್ಲ. ಆದರೆ ಆಕಾಶದಿಂದ ಬರುವ ಸಂಕೇತ ಜಿಲ್ಲೆಯ ಗಡಿ ನೋಡುವುದಿಲ್ಲ, ತುಂಗಭದ್ರೆಯ ಈಚೆ ಸಿರುಗುಪ್ಪದಲ್ಲೂ ಅದು ಬೀಳುತ್ತದೆ. ಬೇಕಾದದ್ದು ಸುಮಾರು 10 ಅಡಿ ಅಗಲದ, ಕೋಳಿಬಲೆ ಬಿಗಿದ ತಟ್ಟೆ, 860 ಮೆಗಾಹರ್ಟ್ಸ್ ಹಿಡಿಯುವ ಪರಿವರ್ತಕ, ಒಂದು ಟಿವಿ. ಬಲೆ ಸಿಕ್ಕೀತು, ಕಷ್ಟವಿರುವುದು ಪರಿವರ್ತಕದಲ್ಲಿ. ಎರಡನೇ ವರ್ಷ ಸಿಕ್ಕಿದ್ದರಿಂದ ರೇಡಿಯೋ ರಿಪೇರಿಯವನಿಗೆ ಅದನ್ನು ಬಿಚ್ಚಿ ನೋಡಿ, ಇನ್ನೊಂದು ಕಟ್ಟಲು ಸಮಯ ಸಿಗುತ್ತದೆ. ಮೊದಲ ವರ್ಷದಲ್ಲೇ ಇದನ್ನು ಮಾಡಿಸಬೇಡಿ, ಕವಲಿನಿಂದ ಹುಟ್ಟದ ಘಟನೆ ಕಥೆಗೆ ಭಾರ.

ಕೊನೆಯ ಕೊಂಡಿ ಕಾಗದ. ಜುಲೈ 31ಕ್ಕೆ ಟಿವಿ ಆರುತ್ತದೆ. ಒಂದು ವರ್ಷ ಈ ಪಾತ್ರಗಳ ಜೊತೆ ಬೆಳೆದ ಮಕ್ಕಳಿಗೆ ಈಗ ಏನೂ ಇಲ್ಲ. ಕಾಮಿಕ್ಸ್ ಹುಟ್ಟುವುದು ಆ ಹಸಿವಿಗೆ. ಮುದ್ರಣ ಸಣ್ಣ ಊರಿನ, ಕಾಲಲ್ಲಿ ತುಳಿದು ನಡೆಸುವ ಟ್ರೆಡಲ್ ಪ್ರೆಸ್ಸಿನಲ್ಲಿ: ಚಿತ್ರಕ್ಕೆ ಸತುವಿನ ಬ್ಲಾಕು, ಮಾತಿಗೆ ಜೋಡಿಸಿದ ಸೀಸದ ಮೊಳೆ. ಹೀಗಿದ್ದಾಗ ಚಿತ್ರದೊಳಗೆ ಮಾತಿನ ಬಲೂನು ಸುಲಭವಲ್ಲ, ಮಾತು ಚಿತ್ರದ ಕೆಳಗೆ ಎರಡು ಸಾಲಿನಲ್ಲಿ ಬರುತ್ತದೆ. ಹಂಚಲು ರಾಯಚೂರು ಸ್ಟೇಷನ್ ಇದೆ, 1871ರಿಂದ ಮುಂಬೈ–ಮದ್ರಾಸ್ ಹಾದಿ ಕೂಡುವ ಜಾಗ. ಬಂಡಲು ಹೊತ್ತ ಬಸ್ಸನ್ನು ನದಿ ದಾಟಿಸುವ ಮೊದಲು ಆ ಇಸವಿಯಲ್ಲಿ ಆ ಸೇತುವೆ ಇತ್ತೇ ಎಂದು ಗೆಜೆಟಿಯರಿನಲ್ಲಿ ನೋಡಿಕೊಳ್ಳಿ.

ಎಡವುವ ಜಾಗಗಳು

ಪರ್ಯಾಯ ಇತಿಹಾಸದ ಓದುಗ ತಪ್ಪು ಹುಡುಕಲೆಂದೇ ಓದುತ್ತಾನೆ. ಒಂದು ಇಸವಿ ತಪ್ಪಿದರೆ ಬೇಕೆಂದೇ ಬದಲಿಸಿದ ಸಂಗತಿಯೂ ಅವನಿಗೆ ತಪ್ಪಾಗಿಯೇ ಕಾಣುತ್ತದೆ. ಹಾಗಾಗಿ ಕವಲಿಗೆ ಸಂಬಂಧಿಸದ ಎಲ್ಲವೂ ಆ ಕಾಲದಂತೆಯೇ ಇರಬೇಕು.

ಅತಿ ಹೆಚ್ಚು ಕಾಣುವ ತಪ್ಪು ವಿಳಾಸದಲ್ಲಿ. 1977ರ ರಕ್ಷಾಪುಟದಲ್ಲಿ ‘ಕೊಪ್ಪಳ ಜಿಲ್ಲೆ’ ಬರುವಂತಿಲ್ಲ, ಅದು ಆದದ್ದು 1997ರಲ್ಲಿ. ಹಂಪಿ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು, ವಿಜಯನಗರ ಜಿಲ್ಲೆ 2021ರದ್ದು. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು 1973ರ ನವೆಂಬರ್ 1ರಿಂದ, ಅದಕ್ಕಿಂತ ಮೊದಲು ‘ಮೈಸೂರು ರಾಜ್ಯ’. ಪಿನ್‌ಕೋಡ್ 1972ರ ಆಗಸ್ಟ್ 15ರಿಂದ. ನೀವು ಕವಲನ್ನು ಇನ್ನೂ ಹಿಂದೆ ಹಾಕುವುದಾದರೆ ಎಚ್ಚರ ಇನ್ನೂ ಹೆಚ್ಚು ಬೇಕು: ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಕೆಳಗೆ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿ. ನಡುವೆ ನದಿಯೊಂದೇ, ಆದರೆ 1944ರಲ್ಲಿ ಈ ದಡದ ರೂಪಾಯಿ ಬೇರೆ, ಆ ದಡದ್ದು ಬೇರೆ. ನಿಜಾಮರ ಹಾಲಿ ಸಿಕ್ಕಾ 7 ರೂಪಾಯಿಗೆ ಬ್ರಿಟಿಷ್ 6 ರೂಪಾಯಿ. ರಾಯಚೂರಿನಲ್ಲಿ ಮಾರುವ 1944ರ ಪುಸ್ತಕಕ್ಕೆ ಎರಡೂ ಬೆಲೆ ಅಚ್ಚು ಹಾಕಿಸಿ, ಆ ಒಂದು ಸಾಲು ಹತ್ತು ವಿವರಣೆಗೆ ಸಮ. 1957ರ ಏಪ್ರಿಲ್‌ಗೆ ಮೊದಲು ಆಣೆ, ನಂತರ ನಯಾಪೈಸೆ. ₹ ಚಿಹ್ನೆ 2010ರದ್ದು, ಹಳೆಯ ಪುಸ್ತಕಕ್ಕೆ ‘ರೂ.’ ಸಾಕು.

ಎರಡನೆಯ ತಪ್ಪು ಚಿತ್ರದಲ್ಲಿ, ಅದರಲ್ಲೂ ತಟ್ಟೆಯ ದಿಕ್ಕಿನಲ್ಲಿ. ಮನೆಯ ಮೇಲಿನ ಇಂದಿನ ಡಿಟಿಎಚ್ ತಟ್ಟೆ ನೋಡಿಕೊಂಡು ಬರೆದರೆ ಅದು ದಕ್ಷಿಣ–ಆಗ್ನೇಯಕ್ಕೆ ಮುಖಮಾಡುತ್ತದೆ. ಎಟಿಎಸ್-6 ಇದ್ದದ್ದು ಪೂರ್ವ ರೇಖಾಂಶ 35 ಡಿಗ್ರಿಯಲ್ಲಿ, ಪೂರ್ವ ಆಫ್ರಿಕಾದ ನೆತ್ತಿಯ ಮೇಲೆ. ರಾಯಚೂರಿನಿಂದ ಲೆಕ್ಕ ಹಾಕಿದರೆ ತಟ್ಟೆ ನೋಡಬೇಕಾದ್ದು ಪಶ್ಚಿಮಕ್ಕೆ, ಎಡಕ್ಕೆ ತುಸು ವಾಲಿ, ಅಂದರೆ ನೈಋತ್ಯದ ಕಡೆಗೆ ಓರೆಯಾಗಿ, ನೆಲದಿಂದ ಸುಮಾರು 38 ಡಿಗ್ರಿ ಎತ್ತರಕ್ಕೆ. ಶಾಲೆಯ ಪ್ರಸಾರ ಬೆಳಿಗ್ಗೆ, ಸೂರ್ಯ ತಟ್ಟೆಯ ಬೆನ್ನಿಗೆ. ಬಲೆಯಾದ್ದರಿಂದ ಬಿಸಿಲು ತೂರಿಬಂದು ಅಂಗಳದ ಮೇಲೆ ಜಾಲರಿಯ ನೆರಳು ಪಶ್ಚಿಮಕ್ಕೆ ಚಾಚುತ್ತದೆ. ಗಟ್ಟಿ ತಟ್ಟೆಯ ಕಪ್ಪು ನೆರಳು ಬರೆಯಬೇಡಿ.

ಮೂರನೆಯದು ಭಾಷೆ. ಸ್ಟುಡಿಯೋದಿಂದ ಬರುವ ನಿರೂಪಣೆ ಗ್ರಂಥದ ಕನ್ನಡದಲ್ಲಿರಲಿ, ಕಿಳ್ಳೇಕ್ಯಾತ ಮಾತ್ರ ‘ಏನ್ ನೋಡಾಕತ್ತೀಯೋ ತಮ್ಮಾ, ಹಿಂದ ಸರಿ’ ಅನ್ನಲಿ. ಎಲ್ಲರ ಬಾಯಲ್ಲೂ ‘ಆಕತ್ತೀ’ ತುಂಬಿದರೆ ಪಾತ್ರಗಳ ಗುರುತು ಹೋಗುತ್ತದೆ. ರಾಯಚೂರು ಪೇಟೆಯ ಬೋರ್ಡುಗಳಲ್ಲಿ ಕನ್ನಡದ ಜೊತೆ ಉರ್ದು ಬರೆಯಿರಿ, ಉರ್ದು ಬಲ್ಲವರ ಹತ್ತಿರ ಕಾಗುಣಿತ ನೋಡಿಸಿ.

ಹಕ್ಕಿನ ವಿಷಯ ಚುಟುಕಾಗಿ: ಫ್ಯಾಂಟಮ್, ಸೂಪರ್‌ಮ್ಯಾನ್ ಇವರನ್ನು ಪಾತ್ರವಾಗಿ ತಂದು ಪುಸ್ತಕ ಮಾರಬೇಡಿ. ಗೋಡೆಯ ಮೇಲೊಂದು ಹರಿದ ಪೋಸ್ಟರಿನ ಅಂಚು, ಹುಡುಗರ ಬಾಯಲ್ಲಿ ಒಂದು ಹೆಸರು ಇದ್ದರೆ ಕಾಲ ತಿಳಿಯಲು ಅಷ್ಟು ಸಾಕು. ಬದಲಿಸಿ ಬಳಸುವ ಜಾಣತನಕ್ಕೆ ಇಂದ್ರಜಾಲವೇ ಮಾದರಿ. ಫ್ಯಾಂಟಮ್ಮನ ನಾಡಿನ ಹೆಸರು ಬಂಗಾಳವನ್ನು ನೆನಪಿಸುತ್ತದೆಂದು ಅದನ್ನು ‘ಡೆಂಕಾಲಿ’ ಮಾಡಿದ್ದರು.

ಪುಟ ಕಟ್ಟುವುದು

16 ಪುಟದ ಎ5 ಪುಸ್ತಕ ಅಂದರೆ ನಾಲ್ಕು ಎ4 ಹಾಳೆ, ಎರಡೂ ಬದಿ. ರಕ್ಷಾಪುಟ ನಾಲ್ಕು ಬದಿ ಹೋದರೆ ಕಥೆಗೆ 12 ಪುಟ ಉಳಿಯುತ್ತದೆ. ಪುಟಕ್ಕೆ ನಾಲ್ಕೈದು ಚೌಕಟ್ಟಿನಂತೆ ಐವತ್ತು ಚೌಕಟ್ಟು ದಾಟಬೇಡಿ. ಮೊದಲ ಕಥಾಪುಟದಲ್ಲೇ ಕವಲು ತಿಳಿಯಲಿ, ಆದರೆ ಭಾಷಣವಾಗಿ ಬೇಡ. ಶಾಲೆಯ ಗೋಡೆಯ ಕ್ಯಾಲೆಂಡರಿನಲ್ಲಿ ‘ಆಗಸ್ಟ್ 1976’, ಕೆಳಗೆ ಚಾಲೂ ಇರುವ ಟಿವಿ. ನಿಜ ಇತಿಹಾಸ ಗೊತ್ತಿಲ್ಲದವರಿಗೆ ರಕ್ಷಾಪುಟದ ಒಳಬದಿಯಲ್ಲಿ ಆರು ಸಾಲಿನ ಟಿಪ್ಪಣಿ ಕೊಡಿ.

ಎ4 ಅಳತೆಯಲ್ಲಿ ಬರೆದು ಶೇ 70ಕ್ಕೆ ಇಳಿಸಿ. 0.5 ಮಿ.ಮೀ. ಗೆರೆ ಇಳಿದಾಗ 0.35 ಆಗುತ್ತದೆ, ಜೆರಾಕ್ಸಿನಲ್ಲೂ ನಿಲ್ಲುತ್ತದೆ. 0.1ರ ಪೆನ್ನಿನ ಗೆರೆ ಇಳಿದರೆ ಕಡಿದು ಚುಕ್ಕೆಯಾಗುತ್ತದೆ. ಸತುವಿನ ಬ್ಲಾಕಿನ ಕಾಲದ ನೋಟ ಬೇಕಾದರೆ ಬೂದು ಬಣ್ಣ ಪೂರ್ತಿ ಬಿಡಿ, ಕಪ್ಪು, ಬಿಳುಪು, ಗೀಟು, ಚುಕ್ಕೆ ಮಾತ್ರ. ಚುಕ್ಕೆಗಳ ನಡುವಿನ ಬಿಳಿ ಜಾಗ ಮೂಲದಲ್ಲಿ 1 ಮಿ.ಮೀ.ಗಿಂತ ಕಡಿಮೆಯಾದರೆ ಮುದ್ರಣದಲ್ಲಿ ಮಸಿ ತುಂಬಿಕೊಂಡು ವಿನ್ಯಾಸ ಅಳಿಸಿಹೋಗುತ್ತದೆ, ಇಡೀ ಕಥೆ ನಿಂತಿರುವುದು ಆ ಚುಕ್ಕೆಗಳ ಮೇಲೆ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಬಿಸಿಲಿಗೆ ಇಂಡಿಯನ್ ಇಂಕು ಬಾಟಲಿಯಲ್ಲೇ ದಪ್ಪವಾಗುತ್ತದೆ. ನಲ್ಲಿನೀರು ಬೆರೆಸಬೇಡಿ, ಬಟ್ಟಿ ಇಳಿಸಿದ ನೀರು ಎರಡು ಹನಿ ಸಾಕು. ಫ್ಯಾನಿನ ಕೆಳಗೆ ಕೂತರೆ ನಿಬ್ಬು ಇನ್ನೂ ಬೇಗ ಕಟ್ಟಿಕೊಳ್ಳುತ್ತದೆ.

ಚೌಕಟ್ಟುಗಳ ಜೋಡಣೆಗೆ ಪರದೇಶದ ಕಾಮಿಕ್ಸನ್ನೇ ನೋಡಬೇಕಿಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲಿಟ್ಟು ಕೋಣಗಳ ಸಾಲು ಕಟ್ಟಿ ಎಳೆದು ತಂದ ಬಗೆಯನ್ನು ಗೆರೆಚಿತ್ರವಾಗಿ ಅಲ್ಲೇ ಕೆತ್ತಿದ್ದಾರೆ. ಹತ್ತಿರ ನಿಂತು ನೋಡಿ: ಆಳ ತೋರಿಸುವ ಪ್ರಯತ್ನವಿಲ್ಲ, ಎಲ್ಲ ಪಕ್ಕನೋಟ, ಕಣ್ಣು ಕೋಣಗಳ ಸಾಲಿನ ಜೊತೆ ತಾನೇ ಮುಂದಕ್ಕೆ ಹೋಗುತ್ತದೆ. ತೊಗಲುಗೊಂಬೆಯ ಪರದೆಯದೂ ಇದೇ ವ್ಯಾಕರಣ. ನಡುವಿನ ಜೋಡಿಪುಟ, ಅಂದರೆ 8 ಮತ್ತು 9, ಒಂದೇ ಉದ್ದ ಚೌಕಟ್ಟಾಗಲಿ. ಹಾಳೆ ಮಡಿಸುವ ಜಾಗದ ಎರಡೂ ಕಡೆ 8 ಮಿ.ಮೀ. ಒಳಗೆ ಮುಖ, ಮಾತು ಇಡಬೇಡಿ.

ಅಕ್ಷರ

ಕನ್ನಡ ಕಾಮಿಕ್ಸ್ ಹೆಚ್ಚು ಕೆಡುವುದು ಇಲ್ಲಿ. ಇಂಗ್ಲಿಷ್ ಕಾಮಿಕ್ಸಿನ ಬಲೂನಿನ ಅಳತೆ ನಮಗೆ ಆಗುವುದಿಲ್ಲ. ನಮ್ಮ ಪದಗಳು ಉದ್ದ, ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಣಿತದ ಗುಡಿಸು ಮೇಲೆ ಏಳುತ್ತದೆ. ಬಲೂನು ಬಳಸುವುದಾದರೆ ಒಂದಕ್ಕೆ 12 ಪದ ಮೀರಬೇಡಿ, ಸಾಲಿನ ನಡುವೆ ಅಕ್ಷರದ ಗಾತ್ರದ ಶೇ 135ರಿಂದ 140ರಷ್ಟು ಅಂತರ ಕೊಡಿ. ಅಚ್ಚಾದ ಮೇಲೆ ಗಾತ್ರ 9 ಪಾಯಿಂಟ್‌ಗಿಂತ ಕಡಿಮೆ ಆಗಬಾರದು, ಅಂದರೆ ಎ4 ಮೂಲದಲ್ಲಿ 13. ‘ರಾಷ್ಟ್ರ’, ‘ಲಕ್ಷ್ಮಿ’ ಎರಡನ್ನು ಬೇಕಾದ ಗಾತ್ರದಲ್ಲಿ ಜೆರಾಕ್ಸ್ ಮಾಡಿಸಿ ನೋಡಿ. ಅವುಗಳ ಒತ್ತು ಮಸಿಯಲ್ಲಿ ಮುಳುಗದಿದ್ದರೆ ಉಳಿದವೆಲ್ಲ ಉಳಿಯುತ್ತವೆ.

ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸುವವರು ಯೂನಿಕೋಡನ್ನೇ ಬಳಸಿ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದನ್ನು ಪರಿವರ್ತಿಸಿದರೆ ಅರ್ಕಾವತ್ತಿನ ಕಡೆ ಒಮ್ಮೆ ಕಣ್ಣಾಡಿಸಿ, ‘ಸೂರ್ಯ’, ‘ವರ್ಷ’ ಮುರಿಯುವುದು ಅಲ್ಲೇ. ಫೋಟೋಶಾಪಿನ ಹಳೆಯ ಆವೃತ್ತಿಯಲ್ಲಿ ಒತ್ತಕ್ಷರ ಒಡೆದು ಕಂಡರೆ ಟೆಕ್ಸ್ಟ್ ಎಂಜಿನ್ನನ್ನು ದಕ್ಷಿಣ ಏಷ್ಯಾ ಭಾಷೆಗಳದ್ದಕ್ಕೆ ಬದಲಿಸಿ, ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಇಂಕ್‌ಸ್ಕೇಪಿನಲ್ಲಿ ಈ ತೊಂದರೆ ಬರುವುದಿಲ್ಲ, ಅದು ಉಚಿತ ಕೂಡ. ಮುದ್ರಣಕ್ಕೆ ಕೊಡುವ ಮೊದಲು ಅಕ್ಷರಗಳನ್ನು ಗೆರೆರೂಪಕ್ಕೆ ಪರಿವರ್ತಿಸಿ, ಪ್ರೆಸ್ಸಿನ ಯಂತ್ರದಲ್ಲಿ ನಿಮ್ಮ ಫಾಂಟು ಇಲ್ಲದಿದ್ದರೆ ಇಡೀ ಪುಟ ಚೌಕಗಳಾಗಿ ಬರುತ್ತದೆ. 1977ರ ಪುಸ್ತಕದ ನೋಟಕ್ಕೆ ಎರಡು ಬಗೆಯ ಅಕ್ಷರ ಬೇಕು. ಚಿತ್ರದ ಕೆಳಗಿನ ಎರಡು ಸಾಲಿಗೆ ಸೀಸದ ಮೊಳೆಯಂಥ ನೇರ ಅಕ್ಷರ, ‘ಧಡಾರ್’, ‘ಟಣ್’, ‘ಚಟಾರ್’ ಇವಕ್ಕೆ ಕೈಬರಹ.

ಅಚ್ಚು ಮತ್ತು ಪಿನ್ನು

ಪುಟಜೋಡಣೆಯ ಲೆಕ್ಕ ಸುಲಭ: ಒಂದು ಮುಖದಲ್ಲಿ ಅಕ್ಕಪಕ್ಕ ಬರುವ ಎರಡು ಪುಟಗಳ ಮೊತ್ತ ಯಾವಾಗಲೂ 17. ಹೊರಹಾಳೆಯಲ್ಲಿ 16–1, ಹಿಂದೆ 2–15. ಮುಂದಿನದು 14–3, ಹಿಂದೆ 4–13. ನಂತರ 12–5, 6–11. ಒಳಹಾಳೆ 10–7, ಹಿಂದೆ 8–9. ಎರಡೂ ಬದಿ ಅಚ್ಚು ಹಾಕುವಾಗ ಚಿಕ್ಕ ಅಂಚಿನ ಕಡೆ ತಿರುವುವ ಆಯ್ಕೆ ಕೊಡದಿದ್ದರೆ ಹಿಂಬದಿ ತಲೆಕೆಳಗಾಗುತ್ತದೆ. ಮೊದಲು ಒಂದೇ ಪ್ರತಿ ತೆಗೆಸಿ, ಮಡಿಸಿ, ಓದಿ, ಆಮೇಲೆ ಉಳಿದದ್ದು.

ನೂರು ಪ್ರತಿಗೆ ಒಳಪುಟಕ್ಕೆ 300 ಹಾಳೆ, ರಕ್ಷಾಪುಟಕ್ಕೆ 100, ಹಾಳಾಗುವುದಕ್ಕೆಂದು ಎರಡರಲ್ಲೂ ಶೇ 5 ಹೆಚ್ಚು. ಒಳಗೆ 90 ಜಿಎಸ್‌ಎಂ ಮ್ಯಾಪ್ಲಿಥೋ, ಹೊಳಪು ಕಾಗದ ಬೇಡ, ಆ ಕಾಲಕ್ಕೆ ಒಗ್ಗುವುದಿಲ್ಲ. ರಕ್ಷಾಪುಟಕ್ಕೆ 170. ಲೇಸರ್ ಅಚ್ಚಾದರೆ ಮಡಿಸುವ ಗೆರೆಯ ಮೇಲೆ ಮಸಿ ಒಡೆದು ಬಿಳಿ ಕಾಣುತ್ತದೆ. ಮಡಿಸುವ ಮೊದಲು ಸ್ಕೇಲಿಟ್ಟು, ಮಸಿ ಮುಗಿದ ಬಾಲ್‌ಪೆನ್ನಿನ ತುದಿಯಿಂದ ಗೀರಿದರೆ ಇದು ತಪ್ಪುತ್ತದೆ. ಪಿನ್ನು ಎರಡು, ಮೇಲಿನಿಂದ 5 ಸೆಂ.ಮೀ., ಕೆಳಗಿನಿಂದ 5 ಸೆಂ.ಮೀ. ಒಳಹಾಳೆಗಳು ತುಸು ಹೊರಚಾಚುವುದರಿಂದ ಪಿನ್ನು ಹೊಡೆದ ಮೇಲೆ ಮೂರೂ ಬದಿ 3 ಮಿ.ಮೀ. ಕತ್ತರಿಸಿ. ಅದಕ್ಕೆಂದೇ ಚಿತ್ರವನ್ನು ಪುಟದ ಅಂಚಿನವರೆಗೂ ಎಳೆದು, ಮಾತನ್ನು ಮಾತ್ರ ಅಂಚಿನಿಂದ 10 ಮಿ.ಮೀ. ಒಳಗೆ ಇಟ್ಟಿರಬೇಕು.

ನೂರು ಪ್ರತಿ ಹಾಕಿಸುವ ಮೊದಲು ಆ ಪರೀಕ್ಷಾ ಪ್ರತಿಯನ್ನು ಇಬ್ಬರಿಗೆ ಓದಲು ಕೊಡಿ. ಒಬ್ಬರು 1975–76ರಲ್ಲಿ ರಾಯಚೂರು ಜಿಲ್ಲೆಯ ಹಳ್ಳಿ ಶಾಲೆಯಲ್ಲಿದ್ದವರು, ಈಗ ಅರವತ್ತರ ಆಸುಪಾಸಿನವರು. ಟಿವಿ ಎಲ್ಲಿಟ್ಟಿದ್ದರು, ಯಾರು ಹಚ್ಚುತ್ತಿದ್ದರು, ತಟ್ಟೆ ಯಾವ ಕಡೆ ನೋಡುತ್ತಿತ್ತು ಎಂದು ಅವರನ್ನೇ ಕೇಳಿ, ಹೇಳಿದ್ದನ್ನು ಎಡಗಾಲಮ್ಮಿಗೆ ಸೇರಿಸಿ. ಇನ್ನೊಬ್ಬರು ಈ ಪ್ರಯೋಗದ ಹೆಸರೇ ಕೇಳದ ಹುಡುಗ ಅಥವಾ ಹುಡುಗಿ. ಎಲ್ಲಿಂದ ಕಥೆ ಕಟ್ಟಿದ್ದು ಎಂದು ಅವರಿಗೆ ಬೆರಳಿಟ್ಟು ತೋರಿಸಲು ಹೇಳಿ. ‘ಉಪಗ್ರಹದಿಂದ ಹಳ್ಳಿಗೆ ಟಿವಿ ಬಂತು ಅನ್ನೋದು ಸುಳ್ಳು’ ಎಂದು ಅವರು ಮೊದಲ ಪುಟಕ್ಕೇ ಬೆರಳಿಟ್ಟರೆ ಒಳಬದಿಯ ಟಿಪ್ಪಣಿಯನ್ನು ಇನ್ನೆರಡು ಸಾಲು ಬೆಳೆಸಿ, ತಾರೀಖುಗಳನ್ನು ದಪ್ಪ ಅಕ್ಷರದಲ್ಲಿ ಹಾಕಿ.